ಬಂಡೆ ನೋಡಲು ಹೋಗಿ ನೀರು ನೋಡಿ ಬಂದೆ

(ನಮ್ಮ ಬಡಾವಣೆಯ ವಾಚನಾಲಯದ ತಿಂಗಳ ಕೂಟದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಅಲ್ಲಲ್ಲಿ ತಿದ್ದಿ ಕೊಟ್ಟಿದ್ದೇನೆ. ಅವತ್ತು ಪರದೆ ಮೇಲೆ ಚಿತ್ರಗಳಿದ್ದವು, ಇಲ್ಲಿ ಮಾತೇ ಚಿತ್ರ.)

ಎಲ್ಲರಿಗೂ ನಮಸ್ಕಾರ.

ನಾನು ಇತಿಹಾಸ ಓದಿದವಳಲ್ಲ. 31 ವರ್ಷ ಒಂದು ಊರಿನ ನೀರು ಸರಬರಾಜು ವಿಭಾಗದಲ್ಲಿ ದುಡಿದವಳು. ಬೆಳಗಿನ ಜಾವ ಐದಕ್ಕೆ ಫೋನ್ ಬಂದರೆ ಅದು ವಾಲ್ವ್‌ಮನ್‌ದೇ ಎಂದು ಕಣ್ಣು ಬಿಡದೆ ಹೇಳುತ್ತಿದ್ದೆ. "ಮೇಡಂ, ಮೇನ್ ಲೈನ್ ಒಡೆದಿದೆ." ಇಂಥವಳು ಜೋರ್ಡಾನ್ ದೇಶದಲ್ಲಿ ಬಂಡೆ ಕಡಿದು ಮಾಡಿದ ಹಳೆಯ ಊರು ಪೆಟ್ರಾಗೆ ಹೋಗಿ ಬಂದು ಏನು ಹೇಳಬಹುದು? ಪೈಪಿನ ಕಥೆ ಹೇಳುತ್ತೇನೆ. ಗುಲಾಬಿ ಬಂಡೆಯ ಫೋಟೋಗಳು ನಿಮ್ಮ ಫೋನಲ್ಲೇ ಬೇಕಾದಷ್ಟು ಸಿಗುತ್ತವೆ, ನಾನು ತೆಗೆದದ್ದಕ್ಕಿಂತ ಚೆನ್ನಾಗೂ ಇರುತ್ತವೆ.

ಒಬ್ಬಳೇ ಹೋಗಿದ್ದು ದೊಡ್ಡ ಧೈರ್ಯವೇನಲ್ಲ. ಗೆಳತಿಯೊಬ್ಬಳು ಬರಬೇಕಿತ್ತು. ಟಿಕೆಟ್ ಆದ ಮೇಲೆ ಅವಳ ಸೊಸೆಯ ಹೆರಿಗೆ ದಿನ ಮುಂಚೆಯೇ ಬಂತು. ನನ್ನ ತಮ್ಮ ಕೇಳಿದ, "ಅಕ್ಕಾ, ಆ ಕಡೆ ಯುದ್ಧ ಗಿದ್ಧ ಇಲ್ವಾ?" ಪಕ್ಕದಲ್ಲಿ ಇದೆ, ಜೋರ್ಡಾನ್‌ನಲ್ಲಿ ಇಲ್ಲ ಎಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನನಗೂ ಪೂರ್ತಿ ಆಗಿರಲಿಲ್ಲ ಅನ್ನಿ. ಆದರೆ ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ ಎನ್ನುವುದು ಎಂಥವರಿಗೂ ಧೈರ್ಯ ತುಂಬುತ್ತದೆ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಕೊನೆಗೆ ಎಲ್ಲರೂ ಕೇಳುವುದು ಅದನ್ನೇ. ಜೋರ್ಡಾನ್ ಪಾಸ್ ಎಂದು ಪ್ರವಾಸಿಗರಿಗೆ ಒಂದು ಟಿಕೆಟ್ಟು ಮಾಡಿದ್ದಾರೆ. ಪೆಟ್ರಾದಲ್ಲಿ ಎರಡು ದಿನಕ್ಕೆ ನಾನು ಕೊಟ್ಟಿದ್ದು 75 ದಿನಾರ್. ಆಗ ಒಂದು ದಿನಾರ್ ಅಂದರೆ ನಮ್ಮ ನೂರಿಪ್ಪತ್ತು ರೂಪಾಯಿಯ ಆಸುಪಾಸು. ದೇಶದಲ್ಲಿ ಮೂರು ರಾತ್ರಿ ತಂಗಿದರೆ ವೀಸಾದ 40 ದಿನಾರ್ ಮಾಫಿ. ಪೆಟ್ರಾಗೆ ಬರೀ ಒಂದು ದಿನದ ಟಿಕೆಟ್ಟೇ 50 ದಿನಾರ್. ದುಬಾರಿ. ಹೌದು, ದುಬಾರಿಯೇ.

ಅಲ್ಲಿನ ರಾಜಧಾನಿ ಅಮ್ಮಾನ್‌ನಿಂದ ಮಿನಿಬಸ್ ಹಿಡಿದೆ. ಸೀಟು ತುಂಬುವವರೆಗೆ ಹೊರಡುವುದಿಲ್ಲ, ನಮ್ಮ ಕಡೆಯ ಟೆಂಪೋ ಥರವೇ. ಒಂದು ಗಂಟೆ ನಲವತ್ತು ನಿಮಿಷ ಸುಮ್ನೆ ಕೂತಿದ್ದೆ. ಕೊನೆಯ ಸೀಟಿಗೆ ಒಬ್ಬ ಮುದುಕ ಎರಡು ಚೀಲ ಈರುಳ್ಳಿ ಹಿಡಿದು ಬಂದಾಗ ಬಸ್ಸಿನವರೆಲ್ಲ ಮದುಮಗನನ್ನು ಕಂಡ ಹಾಗೆ ಖುಷಿಪಟ್ಟರು. ಅಲ್ಲಿಂದ ದಕ್ಷಿಣಕ್ಕೆ ಮೂರು ಗಂಟೆಯ ದಾರಿ. ಎರಡೂ ಕಡೆ ಕಂದು ಬಯಲು. ಗಿಡವಿಲ್ಲ, ಕೆರೆಯಿಲ್ಲ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಇಲ್ಲಿ ಒಂದು ರಾಜಧಾನಿ ಕಟ್ಟಿದವರು ಕುಡಿಯಲು ಏನು ಮಾಡಿದರು?

ಪೆಟ್ರಾದ ಬಾಗಿಲಲ್ಲಿರುವ ಊರಿನ ಹೆಸರು ವಾದಿ ಮೂಸಾ. ಮೂಸಾನ, ಅಂದರೆ ಬೈಬಲಿನ ಮೋಸೆಸ್‌ನ ಕಣಿವೆ. ಮೋಸೆಸ್ ಕೋಲಿನಿಂದ ಬಂಡೆಗೆ ಹೊಡೆದಾಗ ನೀರು ಚಿಮ್ಮಿತು ಎಂಬ ಕಥೆ ಇದೆಯಲ್ಲ, ಅದು ಇಲ್ಲೇ ಎಂದು ಸ್ಥಳೀಯರು ನಂಬುತ್ತಾರೆ. ಊರಿನ ಮೇಲ್ಭಾಗದಲ್ಲಿ ಅಯ್ನ್ ಮೂಸಾ ಎನ್ನುವ ಬುಗ್ಗೆ ಇವತ್ತಿಗೂ ಇದೆ. ಇದನ್ನು ಮರೆಯಬೇಡಿ, ನಮ್ಮ ಪೈಪ್‌ಲೈನ್ ಶುರುವಾಗುವುದು ಅಲ್ಲಿಂದಲೇ.

ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುತ್ತಾರೆ. ಫೆಬ್ರವರಿ, ಚಳಿ ಕಟಕಟ. ಮರಳುಗಾಡು ಅಂದರೆ ಬಿಸಿಲು ಎಂದು ಲೆಕ್ಕ ಹಾಕಿ ಒಂದೇ ಸ್ವೆಟರ್ ಒಯ್ದಿದ್ದೆ. ಮೊದಲ ಮುಕ್ಕಾಲು ಕಿಲೋಮೀಟರ್ ತೆರೆದ ದಾರಿ. ಕುದುರೆಯವರು "ಟಿಕೆಟ್‌ನಲ್ಲೇ ಸೇರಿದೆ, ಹತ್ತಿ" ಎಂದು ಕರೆಯುತ್ತಾರೆ. ಸೇರಿರುವುದು ನಿಜ, ಇಳಿದ ಮೇಲೆ ಭಕ್ಷೀಸು ಕೇಳುವುದೂ ನಿಜ. ನಾನು ನಡೆದೆ.

ಆಮೇಲೆ ಸೀಕ್ ಶುರು. ಸೀಕ್ ಅಂದರೆ ಬಂಡೆ ಸೀಳಿ ಆದ ಓಣಿ. 1.2 ಕಿಲೋಮೀಟರ್ ಉದ್ದ. ಕೆಲವು ಕಡೆ ಮೂರೇ ಮೀಟರ್ ಅಗಲ, ಎರಡೂ ಪಕ್ಕ 80 ಮೀಟರ್‌ವರೆಗೆ ಏರುವ ಗೋಡೆ. ಇದನ್ನು ನೀರು ಕೊರೆದದ್ದು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ಭೂಮಿ ಅಲುಗಿ ಬೆಟ್ಟ ಸೀಳಿದ್ದು. ನೀರು ಆಮೇಲೆ ಬಂದು ಅಂಚು ನುಣ್ಣಗೆ ಮಾಡಿತು. ಬಂದವರೆಲ್ಲ ತಲೆ ಎತ್ತಿಕೊಂಡೇ ನಡೆಯುತ್ತಾರೆ. ನಾನೂ ಹಾಗೇ ನಡೆಯುತ್ತಿದ್ದೆ. ಎದುರಿನಿಂದ ಬಂದ ಗಾಡಿಗೆ ದಾರಿ ಬಿಡಲು ಗೋಡೆಗೆ ಸರಿದಾಗ ಸೊಂಟದ ಹತ್ತಿರ ಏನೋ ಕಂಡಿತು.

ಕಾಲುವೆ.

ಎಡಗಡೆ ಬಂಡೆಯಲ್ಲೇ ಕಡಿದ ಕಾಲುವೆ. ಹಿಂದೆ ಅದಕ್ಕೆ ಕಲ್ಲು ಚಪ್ಪಡಿ ಮುಚ್ಚಿತ್ತು, ಈಗ ಅಲ್ಲೊಂದು ಇಲ್ಲೊಂದು ಉಳಿದಿವೆ. ಬಲಗಡೆ ನೋಡಿದರೆ ಬಂಡೆಯಲ್ಲಿ ಉದ್ದಕ್ಕೆ ತೋಡು ಕೊರೆದು ಒಳಗೆ ಸುಟ್ಟ ಮಣ್ಣಿನ ಪೈಪು ಕೂರಿಸಿದ್ದಾರೆ. ಹೆಚ್ಚು ಕಡಿಮೆ ಎರಡು ಸಾವಿರ ವರ್ಷ ಹಳೆಯದು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಪೈಪಿನ ಒಂದು ತುದಿ ಸಣ್ಣ, ಒಂದು ತುದಿ ಅಗಲ. ಸಣ್ಣ ತುದಿ ಮುಂದಿನದರ ಬಾಯೊಳಗೆ. ಸಂದಿಗೆ ಸುಣ್ಣದ ಗಾರೆ. ನಮ್ಮ ಸ್ಟೋರಿನಲ್ಲಿದ್ದ ಹಳೆಯ ಪೈಪುಗಳ ಜೋಡಣೆಯೂ ಇದೇ!

ಒಂದು ಲೆಕ್ಕ ಹೇಳುತ್ತೇನೆ ಕೇಳಿ. ಒಂದು ತುಂಡು ಒಂದು ಮೊಳ ಇದೆ ಎಂದೇ ಇಟ್ಟುಕೊಳ್ಳಿ. ಈ ಓಣಿಯೊಂದರಲ್ಲೇ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಜಾಯಿಂಟು. ನಮ್ಮ ಕಸುಬಿನಲ್ಲಿ ಜಾಯಿಂಟು ಅಂದರೆ ಇವತ್ತಲ್ಲ ನಾಳೆ ಲೀಕು. ಅದೂ ಇಳಿಜಾರಿನಲ್ಲಿ. ಇಳಿಜಾರು ಜಾಸ್ತಿಯಾದರೆ ನೀರು ರಭಸಕ್ಕೆ ಜಾಯಿಂಟು ಕಿತ್ತು ಹಾಕುತ್ತದೆ. ಕಡಿಮೆಯಾದರೆ ಹೂಳು ಕೂತು ಕಟ್ಟಿಕೊಳ್ಳುತ್ತದೆ. ಎರಡರ ನಡುವೆ ಒಂದು ಹದ ಇದೆ. ಆ ಹದ ಸಿಗದೆ ನಾವು ಒಂದು ಬಡಾವಣೆಯ ಲೈನನ್ನು ಮೂರು ಸಲ ಅಗೆದಿದ್ದೇವೆ, ಕೈಯಲ್ಲಿ ಲೆವೆಲ್ ಉಪಕರಣ ಇಟ್ಟುಕೊಂಡು.

ನನಗೆ ತಡೆಯಲಾಗಲಿಲ್ಲ. ಫೋನಿನಲ್ಲಿ ರಸಮಟ್ಟದ ಥರದ್ದೊಂದು ಆ್ಯಪ್ ಇರುತ್ತದಲ್ಲ, ಅದನ್ನು ತೆರೆದು ಕಾಲುವೆಯ ಅಂಚಿನ ಮೇಲೆ ಫೋನ್ ಇಡಲು ಹೋದೆ. ಹಿಂದಿನಿಂದ ಸೀಟಿ. ಕಾವಲುಗಾರ ಓಡಿ ಬಂದ. "ಮಮ್ನೂ, ಮಮ್ನೂ!" ಕೂಡದು ಅಂತ. ತಪ್ಪು ನನ್ನದೇ, ಮುಟ್ಟಬಾರದು. ಕ್ಷಮೆ ಕೇಳಿ, ನಾನು ಯಾರು ಎಂದು ಹೇಳಲು ಭಾಷೆ ಸಾಲದೆ, ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿದೆ. ಮಂಡಿವರೆಗೆ ಕೆಸರಲ್ಲಿ, ಪೈಪಿನ ಗುಂಡಿಯೊಳಗೆ, ತಲೆಗೆ ಟೋಪಿ ಹಾಕಿಕೊಂಡು ನಿಂತಿರುವ ನಾನು. ಅವನು ಫೋಟೋ ನೋಡಿದ, ನನ್ನನ್ನು ನೋಡಿದ, ನಕ್ಕ. "ತಆಲಿ, ಯಾ ಹಜ್ಜಾ." ಬಾ ಎಂದು ಕರೆದ. ಹಜ್ಜಾ ಅಂದರೆ ಹಜ್ ಮಾಡಿ ಬಂದವಳು. ವಯಸ್ಸಾದ ಹೆಂಗಸರನ್ನೆಲ್ಲ ಅಲ್ಲಿ ಹಾಗೇ ಕರೆಯುತ್ತಾರೆ, ನಾವು ಅಜ್ಜಿ, ಅಮ್ಮ ಎಂದ ಹಾಗೆ. ಮೂವತ್ತು ಹೆಜ್ಜೆ ಮುಂದೆ ಕರೆದುಕೊಂಡು ಹೋಗಿ ಕಾಲುವೆಯ ದಾರಿಯಲ್ಲೇ ತೋಡಿದ ಒಂದು ತೊಟ್ಟಿ ತೋರಿಸಿದ. ನೀರು ಇಲ್ಲಿ ಅರೆಗಳಿಗೆ ನಿಂತು, ಮರಳು ಕೆಳಗೆ ಕೂತು, ತಿಳಿ ಮಾತ್ರ ಮುಂದೆ ಹೋಗಬೇಕು. ಕೈಯಲ್ಲಿ ಬಾಚಿ ಹೊರಗೆ ಹಾಕುವ ಹಾಗೆ ಅಭಿನಯ ಮಾಡಿದ. ಹೂಳು ತೆಗೆಯುವ ಕೆಲಸಕ್ಕೆ ಭಾಷೆ ಬೇಕಿಲ್ಲ.

ಇದನ್ನು ಮಾಡಿದವರು ನಬಾತಿಯನ್ನರು. ಅರಬ್ ಅಲೆಮಾರಿಗಳು, ಒಂಟೆ ಸಾರ್ಥದವರು. ಡಯೋಡೋರಸ್ ಎಂಬ ಗ್ರೀಕ್ ಇತಿಹಾಸಕಾರ ಇವರ ಬಗ್ಗೆ ಬರೆದದ್ದು ಸ್ವಾರಸ್ಯವಾಗಿದೆ. ಬಿತ್ತನೆ ಮಾಡುವುದು, ಮನೆ ಕಟ್ಟುವುದು, ದ್ರಾಕ್ಷಿ ಮದ್ಯ ಕುಡಿಯುವುದು ಇವರಲ್ಲಿ ನಿಷಿದ್ಧವಂತೆ, ತಪ್ಪಿದರೆ ಮರಣದಂಡನೆಯಂತೆ. ಮರಳುಗಾಡಿನಲ್ಲಿ ಅಲ್ಲಲ್ಲಿ ನೆಲದಡಿ ತೊಟ್ಟಿ ತೋಡುತ್ತಿದ್ದರು. ಬಾಯಿ ಚಿಕ್ಕದು, ಒಳಗೆ ಇಳಿದಂತೆ ಅಗಲ. ಮಳೆ ನೀರು ತುಂಬಿಸಿ, ಬಾಯಿ ಮುಚ್ಚಿ, ನೆಲಕ್ಕೆ ಸಮ ಮಾಡಿ, ತಮಗೆ ಮಾತ್ರ ಗೊತ್ತಾಗುವ ಗುರುತು ಬಿಡುತ್ತಿದ್ದರು. ಅಟ್ಟಿಸಿಕೊಂಡು ಬಂದ ಶತ್ರು ಬಾಯಾರಿ ಸಾಯಬೇಕು, ಇವರು ಅದೇ ನೆಲದ ಮೇಲೆ ಆರಾಮಾಗಿ ಇರಬೇಕು. ಚಿಕ್ಕ ಬಾಯಿ, ದೊಡ್ಡ ಹೊಟ್ಟೆ. ಆವಿಯಾಗುವುದೂ ಕಡಿಮೆ, ಕಳ್ಳತನವೂ ಕಡಿಮೆ.

ಸಂಪತ್ತು ಬಂದದ್ದು ಸುಗಂಧದಿಂದ. ದಕ್ಷಿಣ ಅರೇಬಿಯಾದ ಲೋಬಾನ, ರಕ್ತಬೋಳ, ಜೊತೆಗೆ ಸಮುದ್ರದ ಆಚೆಯಿಂದ ಬಂದ ನಮ್ಮ ಕಡೆಯ ಮೆಣಸು ಮಸಾಲೆಗಳು. ಒಂಟೆಯ ಮೇಲೆ ಹೇರಿ ಉತ್ತರಕ್ಕೆ, ಅಲ್ಲಿಂದ ಗಾಜಾ ಬಂದರಿಗೆ, ಅಲ್ಲಿಂದ ರೋಮಿಗೆ. ದಾರಿಯಲ್ಲಿ ನೀರು ಎಲ್ಲಿದೆ ಎಂದು ಗೊತ್ತಿದ್ದವರೇ ಆ ದಾರಿಯ ಒಡೆಯರು. ಸೀಕ್‌ನ ಎಡ ಗೋಡೆಯಲ್ಲಿ ಒಂದು ಒಂಟೆ ಸಾಲಿನ ಕೆತ್ತನೆ ಇದೆ. 1990ರ ದಶಕದ ಕೊನೆಯಲ್ಲಿ ಅಗೆದಾಗ ಹೊರಬಂದದ್ದು. ಮೇಲಿನ ಭಾಗ ಸವೆದು ಹೋಗಿದೆ. ಉಳಿದಿರುವುದು ಒಂಟೆಗಳ ಕಾಲು, ಹೊಟ್ಟೆ, ನಡೆಸುವವನ ಪಾದ, ಅಂಗಿಯ ಅಂಚು. ಕಾಲುವೆ ಈ ಕೆತ್ತನೆಯ ಹಿಂದಿನಿಂದ ಹಾದು ಹೋಗುತ್ತದೆ. ಒಂಟೆಗೆ ಅಡ್ಡ ಬರಬಾರದೆಂದು ನೀರನ್ನು ಹಿಂದೆ ಸರಿಸಿದ್ದಾರೋ, ನೀರು ಇದ್ದಲ್ಲೇ ಒಂಟೆ ಕೆತ್ತಿದರೋ, ನಾನಂತೂ ಅಲ್ಲಿ ತುಂಬಾ ಹೊತ್ತು ನಿಂತೆ.

ಇನ್ನು ಎಲ್ಲರೂ ಕಾಯುತ್ತಿರುವ ಅಲ್ ಖಜ್ನೆ. ಓಣಿ ಮುಗಿಯುವ ಕಡೆ ಸಣ್ಣ ಸೀಳಿನಲ್ಲಿ ಅದು ಕಾಣಿಸುತ್ತದೆ. ಚೆನ್ನಾಗಿದೆ ರೀ. ಎಷ್ಟು ಫೋಟೋ ನೋಡಿದ್ದರೂ ಅಲ್ಲಿ ನಿಂತಾಗ ಮಾತು ಬರುವುದಿಲ್ಲ. ಸುಮಾರು 40 ಮೀಟರ್ ಎತ್ತರ, ಎಲ್ಲ ಒಂದೇ ಬೆಟ್ಟದಲ್ಲಿ, ಮೇಲಿನಿಂದ ಕೆಳಕ್ಕೆ ಕಡಿದದ್ದು. ಪಕ್ಕದಲ್ಲಿ ಕಲ್ಲುಕುಟಿಗರು ಕಾಲಿಟ್ಟ ಗುಳಿಗಳ ಸಾಲು ಈಗಲೂ ಕಾಣುತ್ತದೆ. ಹೆಸರಿಗೆ ಖಜಾನೆ, ಇದ್ದದ್ದು ಗೋರಿ. ತುದಿಯಲ್ಲಿರುವ ಕಲ್ಲಿನ ಕಲಶದಲ್ಲಿ ಈಜಿಪ್ಟಿನ ದೊರೆ ಫೇರೋನ ಚಿನ್ನ ಇದೆ ಎಂದು ಬೆದೂಯಿನರು, ಅಂದರೆ ಮರಳುಗಾಡಿನ ಅರಬ್ ಅಲೆಮಾರಿಗಳು, ಗುಂಡು ಹಾರಿಸಿದ್ದರು, ಆ ಗುಂಡಿನ ಗುರುತು ಇದೆ. ಕಲಶ ಗಟ್ಟಿ ಕಲ್ಲು. ನಿಜವಾದದ್ದು ಇದ್ದದ್ದು ಕಾಲ ಕೆಳಗೆ. 2003ರಲ್ಲಿ ಅಂಗಳ ಅಗೆದಾಗ ಗೋರಿಗಳು ಸಿಕ್ಕವು. 2024ರಲ್ಲಿ ಇನ್ನೊಂದು ಗೋರಿಯಲ್ಲಿ 12 ಅಸ್ಥಿಪಂಜರಗಳು. ಅವು ಅಷ್ಟು ಕೆಳಗೆ ಹೋದದ್ದು ಹೇಗೆ? ಪ್ರವಾಹ ಶತಮಾನಗಳಿಂದ ತಂದು ಸುರಿದ ಹೂಳು. ನೋಡಿ, ಮತ್ತೆ ನನ್ನ ಇಲಾಖೆಗೇ ಬಂತು.

ಬಾಗಿಲಲ್ಲಿ ಇಣುಕಿದರೆ ಒಳಗೆ ಬೋಳು ಕೋಣೆ. ನಾನು ಬಾಗಲಕೋಟೆ ಕಡೆಯವಳು, ಬಾದಾಮಿಯ ಮರಳುಗಲ್ಲು ನೋಡಿಯೇ ಬೆಳೆದವಳು. ಅಲ್ಲಿ ಹೊರಗೆ ನಿಂತರೆ ಬೆಟ್ಟಕ್ಕೆ ನಾಲ್ಕು ಕಂಬ ಇಟ್ಟ ಹಾಗೆ, ಒಳಗೆ ಹೋದರೆ ಕಣ್ಣು ಸಾಲದು. ಮೂರನೇ ಗುಹೆಯ ವಿಷ್ಣುವಿನ ಎದುರು ನಿಂತವರಿಗೆ ಗೊತ್ತು. ಪೆಟ್ರಾದಲ್ಲಿ ಇದು ತಿರುಗುಮುರುಗು. ಇದ್ದಬದ್ದ ಸೊಗಸೆಲ್ಲ ಹೊರಗೆ. ಸತ್ತವರಿಗೆ ಒಳಗೆ ಕೆತ್ತನೆ ಯಾಕೆ, ದೂರದಿಂದ ಬರುವ ವ್ಯಾಪಾರಿಗೆ ಹೊರಗೆ ಕಾಣಬೇಕು ಎಂದು ನಾನು ಅರ್ಥ ಮಾಡಿಕೊಂಡೆ. ಪಂಡಿತರು ಒಪ್ಪುತ್ತಾರೋ ಇಲ್ಲವೋ. ಕಲಶದ ಗೋರಿ ಎಂಬ ದೊಡ್ಡ ಗೋರಿಯೊಳಗೆ ಹೋದರೆ ಮಾತ್ರ ಚಾವಣಿ ನೋಡಲೇಬೇಕು. ಕೆತ್ತನೆ ಇಲ್ಲ, ಕಲ್ಲಿನದೇ ಬಣ್ಣ. ಕಬ್ಬಿಣ, ಮ್ಯಾಂಗನೀಸ್ ಸೇರಿ ಕೆಂಪು, ಹಳದಿ, ನೇರಳೆ ಪಟ್ಟೆಗಳು, ಇಳಕಲ್ ಸೀರೆ ಹಾಸಿದ ಹಾಗೆ.

ಈಗ ಪ್ರವಾಹದ ವಿಷಯ. ವರ್ಷಕ್ಕೆ ಸುಮಾರು 150 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಪ್ರವಾಹವೇ? ಅದೇ ಕಷ್ಟ. ಬರೀ ಬಂಡೆ, ಇಂಗುವುದಿಲ್ಲ. ಎಲ್ಲೋ ಮೇಲೆ ಒಂದು ಗಂಟೆ ಸುರಿದರೆ ಅಷ್ಟೂ ನೀರು ಇದೇ ಓಣಿಗೆ. ನಬಾತಿಯನ್ನರು ಸೀಕ್‌ನ ಬಾಯಿಗೆ ಅಡ್ಡಕಟ್ಟೆ ಹಾಕಿ, ಪಕ್ಕದ ಬೆಟ್ಟದಲ್ಲಿ ಸುಮಾರು 88 ಮೀಟರ್ ಸುರಂಗ ಕೊರೆದು ನೀರನ್ನು ಬೇರೆ ಕಣಿವೆಗೆ ತಿರುಗಿಸಿದ್ದರು. ಕಟ್ಟೆ ಕಾಲಾಂತರದಲ್ಲಿ ಹಾಳಾಯಿತು. 1963ರ ವಸಂತದಲ್ಲಿ ಫ್ರಾನ್ಸಿನ ಪ್ರವಾಸಿಗರ ಗುಂಪು ಓಣಿಯೊಳಗೆ ಇದ್ದಾಗ ನೀರು ನುಗ್ಗಿತು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ ಸರ್ಕಾರ ಕಟ್ಟೆ ಕಟ್ಟಿತು. ಎಲ್ಲಿ ಗೊತ್ತಾ? ಹಳೆಯವರು ಕಟ್ಟಿದ್ದ ಕಡೆಯೇ. ನೀರು ತಿರುಗುವುದೂ ಅದೇ ಹಳೆಯ ಸುರಂಗಕ್ಕೆ. ಅಷ್ಟಾದರೂ 2018ರ ನವೆಂಬರ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ಅವಸರದಲ್ಲಿ ಹೊರಗೆ ಕಳಿಸಬೇಕಾಯಿತು. ನಾನು ಹೋದ ದಿನ ಮೋಡ ಕಂಡಾಗೆಲ್ಲ ಹೊರಗಿನ ದಾರಿ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಿದ್ದೆ.

ಊರೊಳಗೆ ರಂಗಮಂದಿರ ಇದೆ, ಕಂಬಗಳ ಬೀದಿ ಇದೆ, ಚರ್ಚಿನ ನೆಲದ ಬಣ್ಣದ ಕಲ್ಲಿನ ಚಿತ್ರ ಇದೆ. ಅವೆಲ್ಲ ಎಲ್ಲ ಪುಸ್ತಕದಲ್ಲೂ ಇವೆ, ಬಿಟ್ಟುಬಿಡುತ್ತೇನೆ. ಆದರೆ ದೊಡ್ಡ ದೇವಾಲಯದ ಪಕ್ಕ ಒಂದು ಖಾಲಿ ಬಯಲಿದೆ, ಯಾರೂ ನಿಲ್ಲುವುದಿಲ್ಲ. ತುಂಬಾ ಕಾಲ ಅದನ್ನು ಸಂತೆ ಮೈದಾನ ಎಂದೇ ಅಂದುಕೊಂಡಿದ್ದರು. 1998ರಲ್ಲಿ ಅಗೆದು ನೋಡಿದರೆ ಈಜುಕೊಳ! ಸುಮಾರು 43 ಮೀಟರ್ ಉದ್ದ, 23 ಮೀಟರ್ ಅಗಲ. ನಡುವೆ ದ್ವೀಪದ ಹಾಗೆ ಒಂದು ಮಂಟಪ, ಎದುರಿಗೆ ತೋಟ. ಮನೆ ಕಟ್ಟಿದರೆ, ಗಿಡ ನೆಟ್ಟರೆ ತಲೆ ತೆಗೆಯುತ್ತಿದ್ದವರ ಮೊಮ್ಮಕ್ಕಳು ಇವರು! ತೊಟ್ಟಿಯ ಬಾಯಿ ಮುಚ್ಚಿ ನೀರು ಬಚ್ಚಿಡುತ್ತಿದ್ದವರು, ಈಗ ಸುಡುಬಿಸಿಲಲ್ಲಿ ನೀರನ್ನು ಬಯಲಲ್ಲಿ ಹರಡಿ ತೋರಿಸುತ್ತಿದ್ದಾರೆ. ನನ್ನ ಕಣ್ಣಿಗೆ ಖಜ್ನೆಗಿಂತ ಇದೇ ದೊಡ್ಡ ಜಂಬ. ದುಡ್ಡಿದ್ದವರು ಬಂಗಾರ ತೋರಿಸುತ್ತಾರೆ, ಇವರು ನೀರು ತೋರಿಸಿದರು.

ಮುಂದೆ ಏನಾಯಿತು ಎಂದರೆ, ರೋಮಿನವರು ಹಡಗು ಹಿಡಿದರು. ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಮುಂಗಾರು ಗಾಳಿ ನೋಡಿಕೊಂಡು ನೇರ ಭಾರತಕ್ಕೆ. ಸ್ಟ್ರಾಬೊ ಎಂಬ ಗ್ರೀಕ್ ಭೂಗೋಳಕಾರ ಹೇಳುವ ಪ್ರಕಾರ ಅವನ ಕಾಲಕ್ಕೇ ಮಯೋಸ್ ಹಾರ್ಮೋಸ್ ಎಂಬ ಒಂದೇ ಬಂದರಿನಿಂದ 120 ಹಡಗು ಹೊರಡುತ್ತಿದ್ದವು. ಮೆಣಸಿಗೆ ಒಂಟೆಯ ಹಂಗು ತಪ್ಪಿತು. ಕ್ರಿ.ಶ. 106ರಲ್ಲಿ ಟ್ರೇಜನ್ ಚಕ್ರವರ್ತಿ ರಾಜ್ಯವನ್ನೇ ನುಂಗಿದ. 363ರ ಭೂಕಂಪ ಊರನ್ನು ಕೆಡವಿತು. ಆದರೂ ರಾತ್ರೋರಾತ್ರಿ ಬಿಟ್ಟು ಓಡಿದರು ಎನ್ನುವುದು ಗೈಡುಗಳ ಮಾತು. ಚರ್ಚಿನಲ್ಲಿ ಸಿಕ್ಕ ಸುಟ್ಟ ಪಪೈರಸ್ ಸುರುಳಿಗಳು ಆರನೇ ಶತಮಾನದವು. ಅವುಗಳಲ್ಲಿ ಆಸ್ತಿ ಪಾಲು, ಕಂದಾಯ, ಜಗಳ ಎಲ್ಲ ಇವೆ. ಅಣ್ಣತಮ್ಮಂದಿರು ಪಾಲಿಗೆ ಜಗಳ ಆಡುತ್ತಿದ್ದಾರೆ ಅಂದರೆ ಊರು ಬದುಕಿದೆ ಅಂತಲೇ ಅಲ್ವಾ?

ಎರಡನೇ ದಿನ, ಬೆಟ್ಟದ ಮೇಲೆ ಖಜ್ನೆಯ ಹಾಗೇ ಬಂಡೆಯಲ್ಲಿ ಕಡಿದಿರುವ ಅದ್ ದೇರ್‌ಗೆ ಹತ್ತಿದೆ. ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು. ನನ್ನ ಮಂಡಿ ನಾನೂರಕ್ಕೇ ರಾಜೀನಾಮೆ ಕೊಟ್ಟಿತು. ದಾರಿಬದಿ ಮಣಿಸರ ಮಾರುವ ಒಬ್ಬ ಬೆದೂಯಿನ್ ಹೆಂಗಸು ಕೂರಿಸಿಕೊಂಡು ಚಹಾ ಕೊಟ್ಟಳು. ಹಾಲಿಲ್ಲ, ಮರಮಿಯಾ ಎಂಬ ಸೊಪ್ಪು ಹಾಕಿದ್ದು, ಸಕ್ಕರೆ ವಿಪರೀತ. ಪ್ರವಾಸಿಗರಿಂದಲೇ ಕಲಿತ ಇಂಗ್ಲಿಷ್ ಅವಳದು. ಎದುರಿನ ಒಂದು ಗುಹೆ ತೋರಿಸಿ, "ನಾನು ಹುಟ್ಟಿದ್ದು ಅದರಲ್ಲಿ" ಎಂದಳು. ಇವರು ಬ್ದೂಲ್ ಎಂಬ ಪಂಗಡ. 1985ರಲ್ಲಿ ಪೆಟ್ರಾ ಯುನೆಸ್ಕೋ ಪಟ್ಟಿಗೆ ಸೇರಿತು. ಅದೇ ಹೊತ್ತಿಗೆ ಗುಹೆಗಳಲ್ಲಿದ್ದ ಇವರನ್ನು ಉಮ್ ಸೈಹೂನ್ ಎಂಬ ಹೊಸ ಊರಿಗೆ ಕಳಿಸಿದರು. ನಾನು ಕೇಳಿದ ಪ್ರಶ್ನೆ ನೀವು ಊಹಿಸಬಹುದು. ನೀರು ಎಲ್ಲಿಂದ ತರುತ್ತಿದ್ದಿರಿ? "ವಾದಿ ಸಿಯಾಘ್, ಕೆಳಗೆ ಬುಗ್ಗೆ ಇದೆ. ಕತ್ತೆ ಮೇಲೆ." ಈಗ ನಲ್ಲಿ ಇದೆಯಲ್ಲ, ಅನುಕೂಲ ಅಲ್ವಾ ಎಂದೆ. ಅವಳು ಭುಜ ಹಾರಿಸಿದಳು. "ಬುಗ್ಗೆ ದಿನಾ ಬರುತ್ತಿತ್ತು."

ಈ ಮಾತು ನನಗೆ ಪೂರ್ತಿ ಅರ್ಥವಾದದ್ದು ಆ ಸಂಜೆ. ನಾನು ಇಳಿದುಕೊಂಡಿದ್ದ ಸಣ್ಣ ಹೋಟೆಲಿನ ಯಜಮಾನ ಏಣಿ ಹಿಡಿದು ಓಡಾಡುತ್ತಿದ್ದ. ಇವತ್ತು ನೀರಿನ ದಿನ ಎಂದ. ಜೋರ್ಡಾನ್‌ನಲ್ಲಿ ನೀರು ದಿನಾ ಬರುವುದಿಲ್ಲ, ಪಾಳಿ. ಎಷ್ಟೋ ಕಡೆ ವಾರಕ್ಕೊಮ್ಮೆ. ಅದಕ್ಕೇ ಯಾವ ಮನೆ ನೋಡಿದರೂ ಚಾವಣಿ ಮೇಲೆ ಟ್ಯಾಂಕು. ವರ್ಷಕ್ಕೆ ತಲಾ 500 ಘನ ಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಕೊರತೆ ಎನ್ನುತ್ತಾರೆ, ಅಲ್ಲಿ 100 ಕೂಡ ಇಲ್ಲ. 2013ರಿಂದ ದಿಸಿ ಎಂಬಲ್ಲಿನ ಅಂತರ್ಜಲವನ್ನು 325 ಕಿಲೋಮೀಟರ್ ಪೈಪಿನಲ್ಲಿ ಅಮ್ಮಾನ್‌ಗೆ ಒಯ್ಯುತ್ತಿದ್ದಾರೆ. ಸಾವಿರಾರು ವರ್ಷ ಹಳೆಯ ನೀರು, ಖರ್ಚಾದರೆ ಮತ್ತೆ ತುಂಬುವುದಿಲ್ಲ. ಪೆಟ್ರಾದ ಮೇಲಿನ ಬಿಳಿ ಬಂಡೆಯ ಪದರಕ್ಕೂ ದಿಸಿ ಎಂದೇ ಹೆಸರು.

ಚಾವಣಿಯಿಂದ ಬೈಗುಳದ ಥರ ಏನೋ ಕೇಳಿಸಿತು. ಬೈಗುಳ ಯಾವ ಭಾಷೆಯದ್ದಾದರೂ ಗೊತ್ತಾಗುತ್ತದೆ. ಮೇಲೆ ಹತ್ತಿದೆ. ಟ್ಯಾಂಕಿಗೆ ನೀರು ಬರುವ ಕಡೆ ಜಾಯಿಂಟು ಸೋರುತ್ತಿತ್ತು. ವಾರದ ನೀರು ಹನಿಹನಿಯಾಗಿ ಸಿಮೆಂಟಿನ ಮೇಲೆ. ಅವನು ಬಟ್ಟೆ ಸುತ್ತುತ್ತಿದ್ದ. ಸರಿ ಎಂದು ಪಕ್ಕಕ್ಕೆ ಸರಿಸಿ, ಅವನ ಡಬ್ಬಿಯಲ್ಲಿ ಹುಡುಕಿದರೆ ಟೆಫ್ಲಾನ್ ಟೇಪು ಸಿಕ್ಕಿತು. ಗಾಲ್ವನೈಸ್ಡ್ ಪೈಪು, ನಮ್ಮದೇ ಅಳತೆ, ಅದೇ ಅರ್ಧ ಇಂಚು. ವಾಲ್ವ್ ಮುಚ್ಚಿಸಿ, ಹಳೆಯದು ಕೆರೆದು, ಎಳೆ ತಿರುಗುವ ದಿಕ್ಕಿಗೇ ಹತ್ತು ಸುತ್ತು ಟೇಪು ಹಾಕಿ ಬಿಗಿ ಮಾಡಿದೆ. "ಯಾ ಹಜ್ಜಾ, ನೀವು ಡಾಕ್ಟರಾ?" ಎಂದು ಕೇಳಿದ. ಅಲ್ಲಪ್ಪಾ, ನೀರಿನವಳು ಎಂದು ಕನ್ನಡದಲ್ಲೇ ಹೇಳಿದೆ.

ಮತ್ತೆ ವಾಲ್ವ್ ತೆಗೆದ. ಇಬ್ಬರೂ ಬಗ್ಗಿ ಜಾಯಿಂಟನ್ನೇ ನೋಡುತ್ತಾ ಕೂತೆವು. ಹತ್ತು ನಿಮಿಷ ಆಯಿತು. ಒಣಗಿಯೇ ಇತ್ತು.